ಗುಂಯ್ ಎನ್ನುವುದು ಪಿಕಪ್ಪೋ, ಪ್ಲಗ್ಗೋ?

ಪ್ರಶ್ನೆ: ನಮ್ಮೂರು ಸಿದ್ದಾಪುರ ತಾಲೂಕಿನ ಬಿಳಗಿ. ಡಿಗ್ರಿ ಮುಗಿಸಿ ಮನೆಯಲ್ಲೇ ತೋಟ ನೋಡಿಕೊಂಡಿದ್ದೇನೆ. ಶಿರಸಿಯ ಗೆಳೆಯರ ರಸಮಂಜರಿ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಗಿಟಾರ್ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಸ್ಟ್ರಾಟ್ ನಮೂನೆಯದು, ಮೂರು ಸಿಂಗಲ್ ಕಾಯಿಲ್ ಪಿಕಪ್ ಇವೆ. ನನ್ನ ಹತ್ತಿರ ಆಂಪ್ ಇಲ್ಲ. ಕಾರ್ಯಕ್ರಮದಲ್ಲಿ ಮೈಕ್ ಸೆಟ್ಟಿನವರ ಮಿಕ್ಸರಿಗೇ ಕೇಬಲ್ ಚುಚ್ಚುತ್ತೇನೆ. ಸದ್ದು ಬಹಳ ತೆಳು, ತಗಡು ಬಡಿದಂತೆ ಬರುತ್ತದೆ. ಜೊತೆಗೆ ಗುಂಯ್ ಅಂತ ಒಂದೇ ಸಮನೆ ಹೊಡೆದುಕೊಳ್ಳುತ್ತದೆ, ಹಾಡುಗಾರರು ತಿರುಗಿ ನೋಡುತ್ತಾರೆ. ಪಿಕಪ್ ಬದಲಿಸಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬ ಹಂಬಕರ್ ಎನ್ನುತ್ತಾನೆ, ಇನ್ನೊಬ್ಬ ಇಎಂಜಿ ಎನ್ನುತ್ತಾನೆ. ಒಳ್ಳೆಯ ಸೆಟ್ಟಿಗೆ ಇಪ್ಪತ್ತೈದು ಸಾವಿರ ಬೇಕಂತೆ. ಅಡಿಕೆ ದುಡ್ಡು ಬಂದಾಗ ಕೊಡಿಸಿ ಎಂದು ಅಪ್ಪಯ್ಯನನ್ನು ಕೇಳಿದೆ. ‘ಇಪ್ಪದೇ ಸಾಕು’ ಎಂದು ಕವಳ ಹಾಕಲು ಎದ್ದು ಹೋದರು. ಯಾವ ಪಿಕಪ್ ಹಾಕಿಸಲಿ? ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ: ತಮ್ಮಾ, ಸದ್ಯಕ್ಕೆ ಯಾವ ಪಿಕಪ್ಪನ್ನೂ ಕೊಳ್ಳಬೇಡ. ಅಪ್ಪಯ್ಯನ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ, ಅವರಿಗೆ ಗಿಟಾರಿನ ಗಂಧ ಇಲ್ಲದಿದ್ದರೂ.

ನಿನ್ನ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಪಿಕಪ್ಪಿನ ಸಾಲಿನ ಮೇಲಲ್ಲ, ‘ಮಿಕ್ಸರಿಗೇ ಚುಚ್ಚುತ್ತೇನೆ’ ಎಂಬ ಸಾಲಿನ ಮೇಲೆ. ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಆಯಿತು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅದರಲ್ಲಿ ಒಂದಿಷ್ಟು ಕರೆಂಟು ಹುಟ್ಟುತ್ತದೆ. ಅಷ್ಟೇ ಅದರ ಶಕ್ತಿ, ಬಹಳ ಬಡಪಾಯಿ. ಗಿಟಾರಿನ ಆಂಪಿನ ಬಾಯಿ, ಅಂದರೆ ಇನ್‌ಪುಟ್ಟಿನ ತಡೆ, ಸುಮಾರು ಒಂದು ಮೆಗಾ ಓಮ್ ಇರುವುದರಿಂದ ಅದು ಪಿಕಪ್ಪಿನಿಂದ ಹೆಚ್ಚೇನನ್ನೂ ಎಳೆದುಕೊಳ್ಳುವುದಿಲ್ಲ. ಮಿಕ್ಸರಿನ ಮೈಕ್ ಬಾಯಿ ಕೆಲವೇ ಕಿಲೋ ಓಮ್, ಲೈನ್ ಬಾಯಿ ಅದಕ್ಕಿಂತ ತುಸು ಮೇಲು. ಅಲ್ಲಿಗೆ ಚುಚ್ಚಿದ ಕೂಡಲೇ ಪಿಕಪ್ ಕುಸಿಯುತ್ತದೆ. ಮೇಲಿನ ಹೊಳಪು ಹೋಗುತ್ತದೆ, ಮೈಯೂ ಹೋಗುತ್ತದೆ. ಕಳೆದದ್ದನ್ನು ತುಂಬಲು ಮೈಕ್ ಸೆಟ್ಟಿನವರು ಗೇನ್ ಏರಿಸಿ ಟ್ರೆಬಲ್ ತಿರುಗಿಸುತ್ತಾರೆ. ಆಗ ಗುಂಯ್ ಎನ್ನುವುದೂ ಜೊತೆಯಲ್ಲೇ ಏರುತ್ತದೆ.

ಇನ್ನೊಂದು ಕಡೆ ಸ್ಪೀಕರ್. ಗಿಟಾರ್ ಆಂಪಿನ ಹತ್ತು-ಹನ್ನೆರಡು ಇಂಚಿನ ಸ್ಪೀಕರ್ ಐದು ಕಿಲೋ ಹರ್ಟ್ಸ್ ಮೇಲಿನದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ನಾವು ‘ಗಿಟಾರ್ ಟೋನ್’ ಎಂದು ಕರೆಯುವ ಆ ಮೆತ್ತನೆಯ ಅಂಚು ಅರ್ಧ ಅಲ್ಲಿಯದು. ಮೈಕ್ ಸೆಟ್ಟಿನ ಟ್ವೀಟರ್ ಹಾಗಲ್ಲ, ಪ್ಲೆಕ್ಟ್ರಮ್ ತಂತಿಗೆ ತಾಗಿದ ಸದ್ದನ್ನೂ ಬಿಡದೆ ಊರಿಗೆಲ್ಲ ಕೇಳಿಸುತ್ತದೆ. ಡಿಸ್ಟಾರ್ಷನ್ ಹಾಕಿದೆಯೋ, ಕಿವಿ ಮುಚ್ಚಿಕೊಳ್ಳಬೇಕು. ನೀನು ಸೀಮೋರ್ ಡಂಕನ್ ಕಂಪನಿಯ ಪಿಕಪ್ ಹಾಕಿಸಿಕೊಂಡು ಬಂದರೂ ಅದೇ ಮಿಕ್ಸರ್, ಅದೇ ಟ್ವೀಟರ್. ಬಾರು ಎಳೆದು ಶ್ರುತಿ ಮಾಡದೆ ಮದ್ದಳೆಗೆ ಹೊಸ ಕರಣೆ ಹಾಕಿಸಿದಂತಾಗುತ್ತದೆ.

ಮೊದಲ ಖರ್ಚು ಗಿಟಾರಿಗೂ ಮಿಕ್ಸರಿಗೂ ನಡುವೆ ಕೂರುವ ಒಂದು ಡಿಐ ಬಾಕ್ಸಿನ ಮೇಲೆ ಆಗಲಿ, ಇಲ್ಲವೇ ಕ್ಯಾಬಿನೆಟ್ ಸಿಮ್ಯುಲೇಷನ್ ಇರುವ ಸಣ್ಣ ಮಲ್ಟಿ ಎಫೆಕ್ಟ್ ಪೆಡಲಿನ ಮೇಲೆ. ಪೆಡಲ್ ಆದರೆ ಗಿಟಾರಿಗೆ ಬೇಕಾದ ದೊಡ್ಡ ಬಾಯಿಯನ್ನೂ ಕೊಡುತ್ತದೆ, ಸ್ಪೀಕರ್ ನುಂಗುವುದನ್ನು ತಾನೇ ನುಂಗಿ ಮಿಕ್ಸರಿಗೆ ಕಳಿಸುತ್ತದೆ. ನಿನ್ನಂಥವರಿಗೆ, ಅಂದರೆ ಬಸ್ಸಿನಲ್ಲೋ ಬೈಕಿನಲ್ಲೋ ಗಿಟಾರ್ ಹೊತ್ತು ಹೋಗಿ ರಾತ್ರಿ ಎರಡಕ್ಕೆ ವಾಪಸಾಗುವವರಿಗೆ, ಆಂಪ್ ಹೊರುವುದಕ್ಕಿಂತ ಇದು ವಾಸಿ. ನನ್ನನ್ನು ಕೇಳಿದರೆ, ದುಡ್ಡು ಒದಗಿದಾಗ ಪೆಡಲ್ಲೇ ಸರಿ. ಎಫೆಕ್ಟುಗಳಲ್ಲಿ ನೂರಕ್ಕೆ ತೊಂಬತ್ತನ್ನು ನೀನು ಮುಟ್ಟದಿದ್ದರೂ ಚಿಂತೆಯಿಲ್ಲ, ಮುಟ್ಟದಿದ್ದರೇ ಕೇಳುವವರಿಗೆ ಒಳ್ಳೆಯದು.

ಈಗ ಗುಂಯ್ ವಿಷಯ. ಇದಕ್ಕೆ ಮೂರು ಪರೀಕ್ಷೆ ಇದೆ, ಒಂದಕ್ಕೂ ಕಾಸು ಬೇಡ. ಎಲ್ಲ ಚುಚ್ಚಿ ಸದ್ದು ಏರಿಸಿ, ಗಿಟಾರಿನ ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ಇಳಿಸು. ಗುಂಯ್ ಹಾಗೆಯೇ ಇದ್ದರೆ ತಪ್ಪು ಗಿಟಾರಿನದಲ್ಲ. ಕೇಬಲ್ಲಿನದು, ಮಿಕ್ಸರಿನದು, ಇಲ್ಲವೇ ಕರೆಂಟಿನದು. ಸೊನ್ನೆಯಲ್ಲಿ ನಿಂತು, ಏರಿಸಿದಾಗ ಮಾತ್ರ ಬಂದರೆ ಎರಡನೆಯದಕ್ಕೆ ಹೋಗು: ಗಿಟಾರ್ ಹಿಡಿದು ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗು. ಒಂದು ದಿಕ್ಕಿನಲ್ಲಿ ಜೋರು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಆಗುತ್ತದೆಯೇ? ಹಾಗಿದ್ದರೆ ಹತ್ತಿರದಲ್ಲಿರುವ ಟ್ರಾನ್ಸ್‌ಫಾರ್ಮರ್, ಸ್ಟೆಬಿಲೈಸರ್, ಹಳೆಯ ಟ್ಯೂಬ್‌ಲೈಟಿನ ಚೋಕು ಇಂಥವು ಚೆಲ್ಲುವ ಕಾಂತಕ್ಷೇತ್ರವನ್ನು ನಿನ್ನ ಪಿಕಪ್ ಹಿಡಿಯುತ್ತಿದೆ ಎಂದರ್ಥ. ನಮ್ಮ ಕರೆಂಟು 50 ಹರ್ಟ್ಸಿನದು, ಆ ಬುಡದ ಗುಂಯ್ ಅದೇ. ಮೂರನೆಯದು, ತಂತಿಯನ್ನು ಬೆರಳಿನಿಂದ ಮುಟ್ಟು. ಮುಟ್ಟಿದಾಗ ಝರ್ ಎನ್ನುವ ಸದ್ದು ತಗ್ಗಿದರೆ ಗಿಟಾರಿನ ಒಳಗೆ ಶೀಲ್ಡಿಂಗ್ ಸಾಲದು. ತಾಮ್ರದ ಹಾಳೆಯ ಟೇಪು ಅಂಟಿಸಿ ಗ್ರೌಂಡಿಗೆ ಸೇರಿಸಿದರೆ ಬಹಳಷ್ಟು ಇಳಿಯುತ್ತದೆ. ಮುಟ್ಟಿದಾಗ ಸದ್ದು ಏರಿದರೆ ಬ್ರಿಜ್ಜಿನ ಗ್ರೌಂಡ್ ವೈರ್ ಕಿತ್ತಿದೆ, ಇಲ್ಲವೇ ಜ್ಯಾಕಿನಲ್ಲಿ ಎರಡು ವೈರು ಅದಲುಬದಲಾಗಿವೆ. ಸೆಕೆಂಡ್ ಹ್ಯಾಂಡ್ ಗಿಟಾರಿನಲ್ಲಿ ಇದು ಅಪರೂಪವೇನಲ್ಲ.

ಪಿಕಪ್ ಬದಲಿಸಿ ಗುಂಯ್ ನಿಲ್ಲಿಸಬಹುದಾದದ್ದು ತಿರುಗಿ ನೋಡುವ ಎರಡನೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದನ್ನು ಮಾತ್ರ. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಹುಟ್ಟಿದ್ದೇ ಇದಕ್ಕಾಗಿ. ಪಕ್ಕಪಕ್ಕದಲ್ಲಿ ಎರಡು ಕಾಯಿಲ್, ಒಂದರ ಆಯಸ್ಕಾಂತದ ತುದಿಯೂ ಸುತ್ತೂ ಇನ್ನೊಂದಕ್ಕೆ ತಿರುವುಮುರುವು. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಬಂದು ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ನಾದ ಮಾತ್ರ ಒಟ್ಟುಗೂಡುತ್ತದೆ. ನಿನ್ನ ಸ್ಟ್ರಾಟಿನಲ್ಲೂ ಇದರ ಚಿಕ್ಕ ರೂಪ ಇರಬಹುದು. ಮಧ್ಯದ ಪಿಕಪ್ಪನ್ನು ಉಲ್ಟಾ ಸುತ್ತಿದ್ದರೆ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಗುಂಯ್ ತಂತಾನೇ ಸಾಯುತ್ತದೆ. ಕಾರ್ಯಕ್ರಮದಲ್ಲಿ ಕೈಬಿಟ್ಟು ನಿಲ್ಲುವ ಹೊತ್ತಿಗೆ ಸ್ವಿಚ್ಚನ್ನು ಅಲ್ಲಿಗೆ ತಂದಿಡು. ಹಾಡುಗಾರರು ತಿರುಗಿ ನೋಡುವುದು ಅಷ್ಟರಮಟ್ಟಿಗೆ ಕಡಿಮೆಯಾದೀತು.

ನಮ್ಮ ಕಡೆಯ ಗುಂಯ್‌ಗೆ ನಮ್ಮವೇ ಕಾರಣಗಳೂ ಇವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಇನ್ವರ್ಟರ್ ಮೇಲೆ ಪ್ರ್ಯಾಕ್ಟೀಸ್ ಮಾಡುತ್ತೀಯಲ್ಲ, ಅದು ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಯಾವ ಗಿಟಾರಾದರೂ ಝರ್ ಎನ್ನುತ್ತದೆ. ಹಾಗಾಗಿ ಇನ್ವರ್ಟರ್ ಮೇಲೆ ಪಿಕಪ್ಪಿನ ಗುಣ ಅಳೆಯಬೇಡ. ಜಾತ್ರೆ, ಉತ್ಸವಗಳಲ್ಲಿ ಚಪ್ಪರದ ತುಂಬ ಇಳಿಬಿಟ್ಟ ಸೀರಿಯಲ್ ಸೆಟ್ಟು, ವೇದಿಕೆಯ ಲೈಟಿನ ಡಿಮ್ಮರು, ಇವೆಲ್ಲ ಅದೇ ಜಾತಿ. ಶಿರಸಿ ಮಾರಿಕಾಂಬೆಯ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಆದರೆ ಅಷ್ಟು ಬೆಳಕಿನ ನಡುವೆ ಒಮ್ಮೆ ನುಡಿಸಿದರೆ ಸಿಂಗಲ್ ಕಾಯಿಲಿನ ಹಣೆಬರಹ ಪೂರ್ತಿ ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯಕ್ಕೆ ನಿಲ್ಲಲೇಬೇಕು. ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ತ್ ಪಿನ್ನನ್ನು, ಕಿತ್ತುಹಾಕುವ ಚಾಳಿ ಮೈಕ್ ಸೆಟ್ ಕಟ್ಟುವ ಕೆಲವರಲ್ಲಿದೆ. ಗುಂಯ್ ನಿಂತೂ ಬಿಡುತ್ತದೆ, ಅದೇ ಅಪಾಯ. ನಿನ್ನ ಗಿಟಾರಿನ ತಂತಿಗಳು ಬ್ರಿಜ್ಜಿನ ಮೂಲಕ, ಕೇಬಲ್ಲಿನ ಹೊರಜಾಲರಿಯ ಮೂಲಕ ಆ ಯಂತ್ರದ ಲೋಹದ ಮೈಗೆ ಸೇರಿವೆ. ಒಳಗೆ ಎಲ್ಲಾದರೂ ಇನ್ಸುಲೇಷನ್ ಹರಿದು ಫೇಸು ಮೈಗೆ ತಾಗಿದರೆ, ಅರ್ತ್ ಇದ್ದಾಗ ಫ್ಯೂಸ್ ಹಾರುತ್ತದೆ. ಅರ್ತ್ ಇಲ್ಲದಿದ್ದಾಗ ಅದು ನಿನ್ನ ಬೆರಳಿನವರೆಗೆ ಬಂದು ಕಾಯುತ್ತದೆ. ಎಡಗೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ಕಾಲ ಕೆಳಗೆ ಮಳೆಗೆ ಒದ್ದೆಯಾದ ವೇದಿಕೆ. ಹಾಡುವಾಗ ತುಟಿಗೆ ಜುಂ ಎಂದ ಅನುಭವ ನಿಮ್ಮ ತಂಡದಲ್ಲಿ ಯಾರಿಗಾದರೂ ಆಗಿದ್ದರೆ ಅದನ್ನು ನಗೆಯ ಕತೆ ಮಾಡಬೇಡಿ. ಜನರೇಟರ್ ಮೇಲೆ ಕಾರ್ಯಕ್ರಮ ನಡೆಯುವಾಗಲಂತೂ ಅರ್ತ್ ಎಲ್ಲಿಗೆ ಹೋಗಿದೆ ಎಂದು ಕೇಳಿಯೇ ಗಿಟಾರ್ ಚುಚ್ಚು. ಬೇರೆ ಬೇರೆ ಕಡೆಯ ಅರ್ತುಗಳು ಕೇಬಲ್ಲಿನಲ್ಲಿ ಸೇರಿ ಹುಟ್ಟುವ ಗುಂಯ್‌ಗೆ ಸರಿಯಾದ ಮದ್ದು ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್. ಅದು ಸಿಗ್ನಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಜೀವ ಕಾಯುವ ಅರ್ತ್ ಅದರ ಪಾಡಿಗೆ ಅದು ಇರುತ್ತದೆ. ಬಾಕ್ಸು ಕೊಳ್ಳುವಾಗ ಆ ಸ್ವಿಚ್ ಇದೆಯೇ ಎಂದು ನೋಡಿ ತಗೋ.

ಇಷ್ಟಾದ ಮೇಲೆ ಗಿಟಾರಿನ ಮೈಮೇಲಿನ ಚಿಲ್ಲರೆ ಕೆಲಸ. ತಂತಿ ಬದಲಿಸಿ ಎಷ್ಟು ದಿನವಾಯಿತು? ನಮ್ಮ ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಉಕ್ಕಿನ ತಂತಿ ತುಕ್ಕು ಹಿಡಿಯದೆ ಇರುತ್ತದೆಯೇ? ತುಕ್ಕಿನ ತಂತಿಯಲ್ಲಿ ಹೊಳಪು ಹುಡುಕಿದರೆ ಯಾವ ಪಿಕಪ್ಪೂ ಕೊಡುವುದಿಲ್ಲ. ಕೊಳ್ಳುವಾಗ ನಿಕ್ಕಲ್ ಲೇಪದ ಉಕ್ಕಿನದೇ ಎಂದು ಕೇಳು. ಅಂಗಡಿಯಲ್ಲಿ ಇದ್ದದ್ದು ಅಕೌಸ್ಟಿಕ್ ಗಿಟಾರಿನ ಕಂಚಿನ ತಂತಿ ಎಂದು ಅದನ್ನೇ ಹಾಕಿಕೊಂಡವರನ್ನು ನೋಡಿದ್ದೇನೆ. ಕಂಚಿಗೂ ಆಯಸ್ಕಾಂತಕ್ಕೂ ನಂಟಿಲ್ಲ. ಒಳಗಿನ ಉಕ್ಕಿನ ಎಳೆ ಮಾತ್ರ ಪಿಕಪ್ಪಿಗೆ ಕೇಳಿಸುವುದರಿಂದ ದಪ್ಪ ತಂತಿಗಳು ಮಂಕಾಗುತ್ತವೆ.

ಪಿಕಪ್ಪಿನ ಎತ್ತರಕ್ಕೆ ಬರೋಣ. ಜನ ಇದನ್ನು ಮುಟ್ಟುವುದೇ ಇಲ್ಲ, ಆದರೆ ಸ್ಕ್ರೂಡ್ರೈವರಿನ ಎರಡು ತಿರುವಿಗೆ ಬೇರೆ ಗಿಟಾರ್ ಕೇಳಿಸುತ್ತದೆ. ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ಪಿಕಪ್ಪಿನ ಲೋಹದ ಮೊಳೆಗೂ ತಂತಿಗೂ ನಡುವಿನ ಅಂತರ ಅಳೆ. ದಪ್ಪ ತಂತಿಯ ಕಡೆ ಎರಡೂವರೆ ಮಿಲಿಮೀಟರ್, ಸಣ್ಣ ತಂತಿಯ ಕಡೆ ಎರಡು, ಇಲ್ಲಿಂದ ಶುರುಮಾಡು. ತೀರಾ ಹತ್ತಿರ ತಂದರೆ ಆಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಡೊಂಕಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ಸದ್ದು ದೊಡ್ಡದಾಗಲಿ ಎಂದು ಹಳೆಯ ಮಾಲೀಕ ಮೇಲಕ್ಕೆ ಏರಿಸಿಟ್ಟಿದ್ದರೆ ನಿನ್ನ ‘ತಗಡು’ ಅರ್ಧ ಅಲ್ಲೇ ಸಿಕ್ಕಿಬಿಡಬಹುದು. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸು. ಹತ್ತು ಮೀಟರಿನ ಅಗ್ಗದ ಕೇಬಲ್ ಇದ್ದರೆ ಐದು ಮೀಟರಿನ ಒಳ್ಳೆಯದಕ್ಕೆ ಬದಲಿಸು; ಉದ್ದ ಹೆಚ್ಚಿದಷ್ಟೂ ಕೇಬಲ್ ಟ್ರೆಬಲನ್ನು ಕುಡಿಯುತ್ತದೆ.

ಇದೆಲ್ಲ ಮುಗಿದ ಮೇಲೂ ಮನಸ್ಸಿಗೆ ಒಪ್ಪದಿದ್ದರೆ, ಆಗ ಪಿಕಪ್.

ಮೊದಲು ಈಗಿರುವುದು ಬದುಕಿದೆಯೇ ನೋಡು. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯ ಪ್ಲಗ್ಗಿನ ಮೂತಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿ. ಸ್ಟ್ರಾಟ್ ಜಾತಿಯ ಪಿಕಪ್ ಸಾಮಾನ್ಯವಾಗಿ ಐದೂವರೆಯಿಂದ ಏಳು ಕಿಲೋ ಓಮ್ ತೋರಿಸುತ್ತದೆ. 250 ಕಿಲೋ ಓಮಿನ ಹತ್ತಿರ ತೋರಿಸಿದರೆ ನೀನು ಅಳೆಯುತ್ತಿರುವುದು ಪಿಕಪ್ಪನ್ನಲ್ಲ, ವಾಲ್ಯೂಮ್ ಪಾಟನ್ನು. ಒಳಗಿನ ಕಾಯಿಲ್ ತುಂಡಾಗಿದೆ. ಆ ತೆಳು ತಾಮ್ರಕ್ಕೆ ತೇವ ತಾಗಿ ಹಸಿರು ಹಿಡಿದರೆ ಹೀಗಾಗುವುದುಂಟು. ಅಂಥದ್ದನ್ನು ಬದಲಿಸಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ತಂತಿ ಬದಲಿಸುವ ದಿನವೇ ಪಿಕ್‌ಗಾರ್ಡ್ ಎತ್ತಿ ಪಿಕಪ್ಪಿನ ಹೊಟ್ಟೆಯನ್ನೂ ನೋಡು. ಕೆಳಗೆ ಕಪ್ಪು ಪಟ್ಟಿಯಂಥ ಆಯಸ್ಕಾಂತ ಅಂಟಿಸಿದ್ದರೆ ಅದು ಸಿರಾಮಿಕ್, ಮೇಲೆ ಕಾಣುವ ಆರು ಮೊಳೆ ಬರೀ ಕಬ್ಬಿಣ. ಪಟ್ಟಿ ಇಲ್ಲದೆ ಆ ಆರು ಮೊಳೆಗಳೇ ಆಯಸ್ಕಾಂತವಾಗಿದ್ದರೆ ಅದು ಆಲ್ನಿಕೋ. 1954ರ ಮೂಲ ಸ್ಟ್ರಾಟಿನ ಗಂಟೆಯಂಥ ಸದ್ದು ಎರಡನೆಯ ಬಗೆಯದು. (ಅದೇ 1954ರಲ್ಲಿ ನಮ್ಮ ಜಿಲ್ಲೆಯ ಹೊನ್ನಾವರದ ಕಡೆ ಶಂಕರ್ ನಾಗ್ ಹುಟ್ಟಿದ್ದು. ‘ಗೀತಾ’ ಸಿನಿಮಾದಲ್ಲಿ ಅವರ ಕೈಯಲ್ಲಿ ಗಿಟಾರ್ ನೋಡಿಯೇ ಗಿಟಾರಿಗೆ ಬಿದ್ದವರು ನಮ್ಮ ತಲೆಮಾರಿನಲ್ಲಿ ಬಹಳ.)

ನಿನ್ನ ಗೆಳೆಯರು ಹೇಳಿದ ಎರಡರಲ್ಲಿ ಇಎಂಜಿಯನ್ನು ಬಿಟ್ಟುಬಿಡು. ಅದಕ್ಕೆ ಒಂಬತ್ತು ವೋಲ್ಟ್ ಬ್ಯಾಟರಿ ಬೇಕು, ಪಾಟುಗಳನ್ನೂ 25 ಕಿಲೋ ಓಮಿನವಕ್ಕೆ ಬದಲಿಸಬೇಕು. ಗುಂಯ್ ಇಲ್ಲ ಎಂಬುದು ನಿಜ. ಆದರೆ ಅದು ಹೆಸರು ಮಾಡಿದ್ದು ಮೆಟಲ್ ಸಂಗೀತದಲ್ಲಿ. ನೀವು ರಾತ್ರಿಯಿಡೀ ನುಡಿಸುವುದು ರಾಜನ್-ನಾಗೇಂದ್ರ, ಇಳಯರಾಜ, ಹಂಸಲೇಖ. ಅಲ್ಲಿ ಗಿಟಾರಿನ ಕೆಲಸ ಕಾರ್ಡಿನ ಬಿಡಿಸುವಿಕೆ, ಪಲ್ಲವಿ-ಚರಣದ ನಡುವಿನ ಎರಡು ಸಾಲಿನ ತುಣುಕು. ಜೊತೆಗೆ ಕೀಬೋರ್ಡ್ ಇರುತ್ತದೆ, ಅದು ಮಧ್ಯದ ಜಾಗವನ್ನೆಲ್ಲ ತುಂಬಿಕೊಂಡು ಕೂತಿರುತ್ತದೆ. ಹೆಚ್ಚು ಸುತ್ತಿನ, ‘ಹೈ ಔಟ್‌ಪುಟ್’ ಪಿಕಪ್ ಹಾಕಿದರೆ ಮೇಲಿನ ಹೊಳಪು ಇಳಿದು ಮಧ್ಯ ಉಬ್ಬುತ್ತದೆ. ಆಗ ನೀನೂ ಕೀಬೋರ್ಡೂ ಒಂದೇ ಬೆಂಚಿನ ಮೇಲೆ ಜಗಳಾಡುತ್ತೀರಿ. ಪೆಟ್ಟಿಗೆಯ ಮೇಲೆ 16 ಕಿಲೋ ಓಮ್ ಎಂದು ಬರೆದದ್ದು ನೋಡಿ ಎಂಟಕ್ಕಿಂತ ಇದು ದುಪ್ಪಟ್ಟು ಚೆನ್ನ ಎಂದುಕೊಳ್ಳುವವರಿದ್ದಾರೆ. ಆ ಅಂಕಿ ತಂತಿಯ ಉದ್ದ-ದಪ್ಪದ ಲೆಕ್ಕ, ನಾದದ ಮಾರ್ಕ್ಸ್ ಕಾರ್ಡಲ್ಲ.

ಮೂರನ್ನೂ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕೀರಲು ಸದ್ದು ಬರುವುದು ಬ್ರಿಜ್ಜಿನ ಪಿಕಪ್ಪಿನಿಂದ, ಲೀಡ್ ನುಡಿಸುವುದೂ ಅದರಲ್ಲೇ. ಅಲ್ಲಿಗೆ ಮಾತ್ರ, ಸಿಂಗಲ್ ಕಾಯಿಲಿನ ಕಿಂಡಿಯಲ್ಲೇ ಕೂರುವ ಸಣ್ಣ ಹಂಬಕರ್ ಹಾಕಿಸು. ಸೀಮೋರ್ ಡಂಕನ್ನಿನ ಲಿಟಲ್ ಫಿಫ್ಟಿನೈನ್ ಅಂಥದ್ದು, ಹದವಾದ ಸ್ವಭಾವದ್ದು. ಅದೇ ಕಂಪನಿಯ ಹಾಟ್ ರೇಲ್ಸ್ ಕೂಡ ಅದೇ ಅಳತೆ, ಆದರೆ ನಿನಗೆ ಅಷ್ಟು ಖಾರ ಬೇಡ. ಪೂರ್ಣ ಅಳತೆಯ ಹಂಬಕರ್ ಬೇಕೆಂದರೆ ಪಿಕ್‌ಗಾರ್ಡ್ ಕೊಯ್ಯಬೇಕು, ಅದರ ಕೆಳಗಿನ ಮರದಲ್ಲಿ ಗುಳಿ ಇಲ್ಲದಿದ್ದರೆ ಮರವನ್ನೂ ಕೊರೆಯಬೇಕು. ಒಳ್ಳೆಯ ಬಡಗಿಗಳು ನಮ್ಮಲ್ಲಿ ಇದ್ದಾರೆ, ಆದರೂ ಒಂದು ಪಿಕಪ್ಪಿಗಾಗಿ ಮರ ಕೊರೆಸುವುದು ನನಗೆ ಸರಿಕಾಣುವುದಿಲ್ಲ. ಸಿಂಗಲ್ ಕಾಯಿಲಿನ ದನಿಯೇ ಇಷ್ಟ, ಗುಂಯ್ ಮಾತ್ರ ಬೇಡ ಎನ್ನುವುದಾದರೆ ಕಾಯಿಲುಗಳನ್ನು ಮೇಲೆಕೆಳಗೆ ಪೇರಿಸಿದ ‘ನಾಯ್ಸ್‌ಲೆಸ್’ ಪಿಕಪ್ಪುಗಳು ಸಿಗುತ್ತವೆ. ದನಿ ತುಸು ಸಪ್ಪೆ ಎನ್ನುವವರಿದ್ದಾರೆ. ಸೀರಿಯಲ್ ಸೆಟ್ಟಿನ ಕೆಳಗೆ ನಿಂತಾಗ ಆ ವ್ಯತ್ಯಾಸ ಯಾರಿಗೂ ಕೇಳಿಸುವುದಿಲ್ಲ.

ಹಾಕಿಸಲು ಬೆಂಗಳೂರಿಗೆ ಓಡಬೇಕಾಗಿಲ್ಲ. ಟಿ.ವಿ., ಆಂಪ್ಲಿಫಯರ್ ರಿಪೇರಿ ಮಾಡುವ, ಸೋಲ್ಡರಿಂಗ್ ಕೈ ಕುದುರಿದ ಯಾರಾದರೂ ಮಾಡಬಲ್ಲರು. ಅವರಿಗೆ ಚಿತ್ರ ಕೊಟ್ಟರೆ ಸಾಕು. ಬಿಚ್ಚುವ ಮೊದಲು ಹಳೆಯ ವೈರಿಂಗಿನ ಫೋಟೋ ತೆಗೆದುಕೋ. ನಾಲ್ಕು ಬಣ್ಣದ ವೈರುಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಎಡವುವುದು ಇಲ್ಲೇ. ಡಂಕನ್ನಿನಲ್ಲಿ ಕಪ್ಪು ಸ್ವಿಚ್ಚಿಗೆ ಹೋಗುತ್ತದೆ, ಹಸಿರು ಮತ್ತು ಬರಿಮೈ ವೈರು ಗ್ರೌಂಡಿಗೆ, ಕೆಂಪು-ಬಿಳಿ ಒಂದಕ್ಕೊಂದು ಸೇರಿ ಟೇಪಿನೊಳಗೆ. ಡಿಮಾರ್ಜಿಯೋ ಆದರೆ ಕೆಂಪು ಸ್ವಿಚ್ಚಿಗೆ, ಕಪ್ಪು-ಬಿಳಿ ಒಂದಾಗುತ್ತವೆ. ಹಾಕಿದ ಮೇಲೆ ಮಧ್ಯದ ಪಿಕಪ್ ಜೊತೆ ಸೇರಿಸಿ ನುಡಿಸಿ ನೋಡು. ಎರಡೂ ಸೇರಿದಾಗ ಸದ್ದು ಬತ್ತಿಹೋಗಿ ಮೂಗಿನಲ್ಲಿ ಮಾತಾಡಿದಂತಿದ್ದರೆ ಫೇಸ್ ತಿರುಗಿದೆ. ಡಂಕನ್ ಆದರೆ ಕಪ್ಪು-ಹಸಿರನ್ನು ಅದಲುಬದಲು ಮಾಡು, ಬರಿಮೈ ವೈರು ಮಾತ್ರ ಗ್ರೌಂಡಿನಲ್ಲೇ ಇರಲಿ. ಹಂಬಕರಿಗೆ 500 ಕಿಲೋ ಓಮ್ ಪಾಟು ಬೇಕಲ್ಲ ಎಂದು ಯಾರಾದರೂ ಹೇಳಿಯಾರು. ಸಾಮಾನ್ಯವಾಗಿ ಹೌದು. ಆದರೆ ನಿನ್ನ ದೂರು ತಗಡಿನ ಸದ್ದಿನದು, ಇರುವ 250 ಅದರ ತುದಿಯನ್ನು ತುಸು ಮೊಂಡಾಗಿಸುತ್ತದೆ. ಹಾಗೇ ಇರಲಿ.

ಅಪ್ಪಯ್ಯನ ವಿಚಾರ. ಇಪ್ಪತ್ತೈದು ಸಾವಿರ ಕೇಳಿದ್ದಕ್ಕೆ ಎದ್ದು ಹೋದರು, ಅದು ಸಹಜ. ಕೊಳೆರೋಗ ಒಂದು ವರ್ಷ ಜೋರಾದರೆ ಅಡಿಕೆ ದುಡ್ಡು ಎಲ್ಲಿ ನಿಲ್ಲುತ್ತದೆ ಎಂದು ತೋಟ ನೋಡಿಕೊಳ್ಳುವ ನಿನಗೆ ನಾನು ಹೇಳಬೇಕಾಗಿಲ್ಲ. ಅವರನ್ನು ಒಪ್ಪಿಸುವ ಉಪಾಯ ಹುಡುಕಬೇಡ. ತಂತಿ, ಕೇಬಲ್, ಸ್ಪ್ರೇ, ಸಾಧಾರಣ ಡಿಐ ಬಾಕ್ಸು ಸೇರಿ ಐದು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ರಸಮಂಜರಿಯಲ್ಲಿ ನಿನ್ನ ಪಾಲಿಗೆ ಬರುವುದರಲ್ಲಿ ಅಷ್ಟನ್ನು ತೆಗೆದಿಡು. ಪೆಡಲೋ ಬ್ರಿಜ್ಜಿನ ಪಿಕಪ್ಪೋ ಬೇಕೆನಿಸಿದರೆ ಅದು ಮುಂದಿನ ಸೀಸನ್ನಿನ ದುಡ್ಡಿನಲ್ಲಿ ಆಗಲಿ. ಗಿಟಾರ್ ತನ್ನ ಖರ್ಚು ತಾನೇ ದುಡಿಯುತ್ತಿದೆ ಎಂದು ಮನೆಯಲ್ಲಿ ಒಮ್ಮೆ ಗೊತ್ತಾದರೆ ಮುಂದಿನ ಮಾತು ಬೇರೆಯೇ ಧಾಟಿಯಲ್ಲಿ ನಡೆಯುತ್ತದೆ.

ಮತ್ತೆ, ಬಿಚ್ಚಿದ ಹಳೆಯ ಪಿಕಪ್ಪನ್ನು ಎಸೆಯಬೇಡ. ಕಾಗದದಲ್ಲಿ ಸುತ್ತಿ, ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿಡು. ನಾಳೆ ಈ ಗಿಟಾರ್ ಮಾರುವಾಗ ಹಳೆಯದನ್ನೇ ಕೂರಿಸಿ ಕೊಟ್ಟು, ಹೊಸದನ್ನು ಮುಂದಿನ ಗಿಟಾರಿಗೆ ಹಾಕಿಕೊಳ್ಳಬಹುದು.